ನನ್ನ ಕೈ, ನಿನ್ನ ನೀರು

ಅಪ್ಪಾ,

ಬದುಕಿದ್ದಷ್ಟು ದಿನ ನಿನಗೆ ಬಹುವಚನ ಕೊಟ್ಟೆ. ಇವತ್ತು ಕೊಡುವುದಿಲ್ಲ. ನೀನು ಹೋಗಿ ನಾಲ್ಕು ವರ್ಷವಾಯಿತು. ಈಗ ಬರೆಯುತ್ತಿರುವುದು ನೆನಪಾಗಿ ಅಲ್ಲ, ಸಿಟ್ಟು ಬಂದು. ಶಿವಮೊಗ್ಗದ ನನ್ನ ಬಾಡಿಗೆ ಮನೆಯ ಹಾಲ್‌ನಲ್ಲಿ ಒಂದು ಗಾಜಿನ ತೊಟ್ಟಿ ಇದೆ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿ. ಅದನ್ನು ಕಟ್ಟಲು ಹೋಗಿ ನಿನ್ನ ಬಗ್ಗೆ ಒಂದು ವಿಷಯ ತಿಳಿಯಿತು.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ನೀನು ಅಕ್ವೇರಿಯಂ ತಂದ ದಿನ ನೆನಪಿದೆಯಾ? ನಾನಾಗ ಒಂಬತ್ತನೇ ಕ್ಲಾಸು. ಬೆಳಗ್ಗೆ ನೀನು ನಲ್ಲಿ ನೀರು ತುಂಬಿಸಿದೆ. ಪಂಚಾಂಗ ನೋಡಿ, ರಾಹುಕಾಲ ಕಳೆದ ಮೇಲೆ ಗಾಜಿಗೆ ವಿಭೂತಿ ಬಳಿದು, ‘ಹೆಣ್ಣುಮಗಳ ಕೈಯಲ್ಲಿ ಬಿಡಿಸೋಣ’ ಅಂತ ಆರು ಗೋಲ್ಡ್‌ಫಿಶ್‌ಗಳನ್ನು ನನ್ನಿಂದ ಬಿಡಿಸಿದೆ. ಐದನೇ ದಿನಕ್ಕೆ ಆರೂ ಹೊಟ್ಟೆ ಮೇಲೆ ಮಾಡಿ ತೇಲಿದವು. ನೀನು ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಒಂದು ಕಲ್ಲನ್ನೂ ಬಿಡದೆ ತಿಕ್ಕಿ ತೊಳೆದು, ಅಮ್ಮನ ಕಡೆ ತಿರುಗಿ ಹೇಳಿದೆ: ‘ಇವ್ಳ ಕೈಗುಣ ಸರಿಯಿಲ್ಲ ಕಣೇ.’

ಎರಡನೇ ಸಲವೂ ನಾನೇ ಬಿಟ್ಟೆ, ಅವೂ ಸತ್ತವು. ಮತ್ತೆ ಬ್ಲೀಚಿಂಗ್ ಪೌಡರ್, ಮತ್ತೆ ಉಜ್ಜಾಟ. ಮೂರನೇ ಸಲ ನೀನು ನನ್ನ ತಮ್ಮ ರಘುವಿನ ಕೈಯಲ್ಲಿ ಬಿಡಿಸಿದೆ. ಅವೂ ತೇಲಿದಾಗ ನನಗೆ ಒಳಗೊಳಗೇ ಸಂತೋಷವಾಯಿತು, ಇನ್ನು ನನ್ನ ಕೈ ತಪ್ಪಿಸಿಕೊಂಡಿತು ಅಂತ. ನೀನು ಏನಂದೆ? ‘ಊಟ ಹಾಕಿದ್ದು ಇವ್ಳೇ ಅಲ್ವಾ?’ ಅಲ್ಲಿಗೆ ಮುಗಿಯಿತು. ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ತುಳಸಿ ನೆಡುವ ಹಾಗಿಲ್ಲ, ಹಾಲಿಗೆ ಹೆಪ್ಪು ಹಾಕುವುದಕ್ಕೂ ರಘುವನ್ನೇ ಕರೆಯಬೇಕು. ಬಂದ ನೆಂಟರ ಮುಂದೆಲ್ಲ ನೀನು ಅದನ್ನು ನಗುತ್ತಾ ಹೇಳುತ್ತಿದ್ದೆ, ನಾನು ಕಾಫಿ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಈ ವರ್ಷ ರಘುವಿಗೆ ಮಗ ಹುಟ್ಟಿದ. ಭದ್ರಾವತಿ ನ್ಯೂ ಟೌನಿನ ಅವನ ಮನೆಯಲ್ಲಿ ನಾಮಕರಣ. ಮಗುವನ್ನು ತೊಟ್ಟಿಲಿಗೆ ಹಾಕುವುದು ಸೋದರತ್ತೆಯ ಹಕ್ಕು ತಾನೇ? ಹೊಸ ಸೀರೆ ಉಟ್ಟು ಕೈ ಚಾಚಿದೆ. ಅಮ್ಮ ಮಗುವನ್ನು ನನ್ನ ಕೈ ದಾಟಿಸಿ ಪಕ್ಕದ ಮನೆಯಾಕೆಗೆ ಕೊಟ್ಟಳು. ‘ಬೇಜಾರ್ ಮಾಡ್ಕೋಬೇಡ ಮಾರಾಯ್ತಿ, ನಿಮ್ಮಪ್ಪ ಇದ್ದಿದ್ರೂ ಇದೇ ಹೇಳ್ತಿದ್ರು’ ಅಂದಳು. ನನಗೀಗ ನಲವತ್ತೊಂದು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಈ ಕೈ ಅಳತೆ ನೋಡಿ ಸಹಿ ಹಾಕದೆ ಒಂದು ಬೋಲ್ಟೂ ಗೇಟು ದಾಟುವುದಿಲ್ಲ. ಆ ದಿನ ಈ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನೊಳಗೆ ಇಟ್ಟುಕೊಂಡೆ.

ಮಾರನೇ ದಿನವೇ ಮುರುಗೇಶಣ್ಣನ ಅಂಗಡಿಗೆ ಹೋದೆ. ಆಗ ಭದ್ರಾವತಿಯಲ್ಲಿ ನಿನಗೆ ಮೀನು ಮಾರಿದವರು, ಈಗ ಅಂಗಡಿ ಶಿವಮೊಗ್ಗದಲ್ಲಿದೆ. ಈ ಕೈಯನ್ನು ಪರೀಕ್ಷಿಸಿಯೇ ಬಿಡೋಣ ಅಂತ, ಎಲ್ಲಕ್ಕಿಂತ ಬೇಗ ಸಾಯುವ ಮೀನು ಯಾವುದು ಎಂದು ಕೇಳಿದೆ. ‘ಸಮುದ್ರದ್ದಮ್ಮ. ಆದ್ರೆ ಮೀನು ಈಗ ಕೊಡಲ್ಲ. ಮೊದ್ಲು ನೀರು ಹಣ್ಣಾಗ್ಲಿ’ ಅಂದರು. ಶುದ್ಧ ನೀರಿಗೆ ಸಮುದ್ರದ ಉಪ್ಪು ಅಳೆದು ಬೆರೆಸಿ, ಕಲ್ಲು ಜೋಡಿಸಿ, ಒಂದು ಸಿಗಡಿಯನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ಮುಳುಗಿಸಬೇಕಂತೆ, ಕೊಳೆಯಲಿ ಅಂತ. ಮೊಟ್ಟೆಯೂ ಬೇಯದ ವಂಶ ನಮ್ಮದು. ಮೂಗು ಮುಚ್ಚಿಕೊಂಡು ಕಟ್ಟಿದೆ. ಕೊಳೆತದ್ದರಿಂದ ಅಮೋನಿಯಾ ಎಂಬ ವಿಷ ಏಳುತ್ತದೆ. ಮೀನಿನ ಹೊಲಸಿನಿಂದ ಏಳುವುದೂ ಅದೇ ವಿಷ. ಅದನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಕಲ್ಲಿನಲ್ಲಿ ಬೆಳೆಯಬೇಕು, ಹಾಲಿಗೆ ಹೆಪ್ಪು ಇದ್ದ ಹಾಗೆ. ಆ ಹೆಪ್ಪು ಆಗುವ ಮೊದಲು ಯಾರ ಕೈಯಿಂದ ಬಿಟ್ಟರೂ ಮೀನು ಸಾಯುತ್ತದೆ. ನೀನು ಪ್ರತಿ ಸಲ ಆ ಹೆಪ್ಪನ್ನೇ ತಿಕ್ಕಿ ತೊಳೆದು ಮೋರಿಗೆ ಚೆಲ್ಲಿದೆಯಲ್ಲ...

ದಿನಾ ಸಂಜೆ ಗಾಜಿನ ಕೊಳವೆಗೆ ತೊಟ್ಟಿಯ ನೀರು ಹಾಕಿ, ಔಷಧಿ ಹನಿ ಬಿಟ್ಟು ಬಣ್ಣ ನೋಡಿದೆ. ಮೊದಲು ಅಮೋನಿಯಾದ ಕಡು ಹಸಿರು. ಅದು ಇಳಿಯುವಷ್ಟರಲ್ಲಿ ನೈಟ್ರೈಟ್ ಎಂಬ ಇನ್ನೊಂದು ವಿಷ ಎದ್ದು ನೇರಳೆ ಬಣ್ಣ. ಕಲ್ಲಿಗೆ ಕಂದು ಪಾಚಿ ಕಟ್ಟಿತು, ತಿಕ್ಕಲು ಕೈ ತುರಿಸಿದರೂ ತೊಳೆಯಲಿಲ್ಲ. ಆ ಕೊಳವೆ ಅಲುಗಿಸುತ್ತಾ ಒಂದು ದಿನ ಹೊಳೆಯಿತು. ಕಾಗದದ ಕಾರ್ಖಾನೆಯಲ್ಲಿ ನಿನ್ನ ಕೆಲಸವೇ ಇದಾಗಿತ್ತು. ಬಾಯ್ಲರಿನ ನೀರನ್ನು ದಿನಾ ಹೀಗೇ ಕೊಳವೆಗೆ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಮನೆಯ ತೊಟ್ಟಿಯ ನೀರನ್ನು ಒಂದು ಸಲ, ಒಂದೇ ಸಲ, ನೋಡಬಾರದಿತ್ತಾ? ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ. ನೀನು ಮಗಳ ಕೈ ಡೊಂಕು ಅಂದೆ.

ಗೊತ್ತಿರಲಿಲ್ಲ, ಪಾಪ, ಅಂತ ಬಿಟ್ಟುಬಿಡುತ್ತಿದ್ದೆನೇನೋ. ಐದನೇ ವಾರ ಮತ್ತೆ ಅಂಗಡಿಗೆ ಹೋದಾಗ ನಾನು ಯಾರ ಮಗಳು ಅಂತ ಮುರುಗೇಶಣ್ಣ ಕೇಳಿದರು, ಹೇಳಿದೆ. ‘ಅಯ್ಯೋ, ಸಾರ್‌ಗೆ ನಾನೇ ಹೇಳಿದ್ನಲ್ಲಮ್ಮ. ಮೂರನೇ ಸಲ ಬಂದಾಗ. ಒಂದ್ ತಿಂಗ್ಳು ಮೀನು ಬಿಡದೆ ನೀರು ಹಾಗೇ ಇಡಿ ಸಾರ್, ತೊಟ್ಟಿ ತೊಳೀಬೇಡಿ ಅಂದೆ. ನೀರಿಗೇನು ಬಾಣಂತನಾನಾ ಅಂತ ನಕ್ಬಿಟ್ರು.’ ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೇ ಮನೆಗೆ ಬಂದು, ಗೊತ್ತಿದ್ದೇ ‘ಊಟ ಹಾಕಿದ್ದು ಇವ್ಳೇ’ ಅಂದೆ. ನೀನು ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ಹದಿನಾಲ್ಕು ವರ್ಷದ ಹುಡುಗಿಯ ಕೈಗೆ ಒರೆಸಿದೆಯಲ್ಲ, ಅದಕ್ಕೆ ನಿನ್ನನ್ನು ಕ್ಷಮಿಸುವುದಿಲ್ಲ.

ಆರನೇ ವಾರ ಎರಡೂ ವಿಷ ಸೊನ್ನೆಗೆ ಬಂದವು. ಮುರುಗೇಶಣ್ಣ ಎರಡು ಮೀನು ಕೊಟ್ಟರು, ಕೇಸರಿ ಮೈ, ಬಿಳಿ ಪಟ್ಟೆ. ಬೇಕಂತಲೇ ರಾಹುಕಾಲದಲ್ಲಿ ಬಿಟ್ಟೆ. ಎರಡು ತಿಂಗಳ ಮೇಲೆ ಅಮ್ಮ ಬಂದಳು. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ತುಂಬಾ ಹೊತ್ತು ಕೂತಳು.

‘ನೀನೇ ಬಿಟ್ಟಿದ್ದಾ?’

‘ನಾನೇ. ಊಟಾನೂ ನಾನೇ ಹಾಕೋದು.’

ಮುರುಗೇಶಣ್ಣ ಅಂದದ್ದನ್ನು ಹೇಳಿದೆ. ಅವಳು ಕಣ್ಣೊರೆಸಿಕೊಂಡು, ‘ಮಗು ಅನ್ನಪ್ರಾಶನಕ್ಕೆ ಮೊದಲ ತುತ್ತು ನೀನೇ ತಿನ್ಸು’ ಅಂದಳು.

‘ತಿನ್ಸ್ತೀನಿ. ಮೊದ್ಲು ಎಲ್ರ ಮುಂದೆ ಹೇಳು, ಮೀನು ಸತ್ತಿದ್ದು ನನ್ ಕೈಯಿಂದ ಅಲ್ಲ ಅಂತ.’

‘ಹೋದೋರ ಮೇಲೆ ಈಗ್ಯಾಕೆ ತಪ್ಪು ಹೊರಿಸ್ಬೇಕೇ?’

‘ಇರೋಳ ಮೇಲೆ ಇಷ್ಟ್ ವರ್ಷ ಹೊರಿಸಿದ್ರಲ್ಲಮ್ಮ.’

ನಿನಗೆ ತಲುಪದ ಸುದ್ದಿ ಇದು: ನಿನ್ನೆ ಅನ್ನಪ್ರಾಶನವಾಯಿತು. ಅಮ್ಮ ಹೇಳಿದಳು, ಸಣ್ಣ ದನಿಯಲ್ಲಿ, ಆದರೂ ಎಲ್ಲರಿಗೂ ಕೇಳಿಸುವಂತೆ. ನಾನು ಪಾಯಸಕ್ಕೆ ಚಮಚ ಅದ್ದಿ ಮಗುವಿನ ಬಾಯಿಗಿಟ್ಟೆ. ಅದು ಮುಖ ಹಿಂಡಿ ಉಗುಳಿ, ಕಿರುಚಿ ಅತ್ತಿತು. ಮನೆಯವರೆಲ್ಲ ನನ್ನ ಕೈಯನ್ನೇ ನೋಡಿದರು. ನೀನು ಇದ್ದಿದ್ದರೆ ಏನನ್ನುತ್ತಿದ್ದೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಬಟ್ಟಲಿನ ಪಾಯಸವನ್ನು ನಾಲಿಗೆಗೆ ಇಟ್ಟು ನೋಡಿದೆ. ‘ಬಿಸಿ ಇದೆ. ನಾನು ನೋಡ್ದೆ ಕೊಟ್ಟೆ. ನನ್ನ ತಪ್ಪು’ ಅಂದೆ. ಅಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತು ಗೊತ್ತಾ ಅಪ್ಪ? ಪಾಯಸ ಆರುವಷ್ಟೂ ಇಲ್ಲ. ಊದಿ ಆರಿಸಿ ಮತ್ತೆ ಕೊಟ್ಟೆ. ನುಂಗಿತು, ಇನ್ನೊಂದು ತುತ್ತಿಗೆ ಬಾಯಿ ತೆರೆಯಿತು.

ವಿಮಲಾ