ಬಣ್ಣ ಬಳಿದ ರೇಲಿಂಗ್

ಹೊಸಪೇಟೆ
೧೯ ನವೆಂಬರ್ ೨೦೦೬

ಗೆಳತಿ ದ್ಯಾಮಕ್ಕನಿಗೆ,

ಕೊಟ್ರಮ್ಮ ಮಾಡುವ ನಮಸ್ಕಾರ. ಕಾಗದದ ತಲೆಯ ಮೇಲೆ ಮನೆದೇವರು ಕೊಟ್ಟೂರೇಶನ ಹೆಸರು ಬರೆಯದೆ ನಾನು ಯಾವತ್ತೂ ಶುರು ಮಾಡಿದವಳಲ್ಲ. ಇವತ್ತು ಆ ಜಾಗ ಖಾಲಿ ಬಿಟ್ಟಿದ್ದೇನೆ. ಮುಂದೆ ಬರೆಯುವುದನ್ನು ಅವನ ಹೆಸರಿನ ಕೆಳಗೆ ಬರೆಯಲು ಕೈ ಬರಲಿಲ್ಲ. ‘ನಾವೆಲ್ಲ ಕ್ಷೇಮ’ ಎನ್ನಲೂ ನಾಚಿಕೆ.

ನಿನ್ನ ಎರಡೂ ಕಾಗದ ಮುಟ್ಟಿವೆ. ತಡವಾಯಿತು, ಕ್ಷಮಿಸು ಅಂದರೆ ಸುಳ್ಳಾಗುತ್ತದೆ. ತಡ ಆಗಲಿಲ್ಲ, ನಾನೇ ಮಾಡಿದೆ. ಎರಡು ಸಲ ಬುಕ್ಕಸಾಗರಕ್ಕೆ ಫೋನ್ ಹಚ್ಚಿದೆ. ‘ಯಾರ್ರೀ?’ ಎಂದು ನಿನ್ನ ದನಿ ಕೇಳಿಸಿದ ಕೂಡಲೇ ಇಟ್ಟುಬಿಟ್ಟೆ. ಇಡೀ ಓಣಿಗೆ ಕೇಳುವ ಹಾಗೆ ಬಾಯಿ ಮಾಡುವ ಕೊಟ್ರಿಗೆ ನಿನ್ನೆದುರು ಬಾಯೇ ಬರಲಿಲ್ಲ ನೋಡು.

ಕಂಪ್ಲಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಪಕ್ಕಪಕ್ಕ ಕುಳಿತವರು ನಾವು. ಆ ಸಲಿಗೆಯಿಂದಲೇ ನೀನು ಮಗಳು ಅಳಿಯನನ್ನು ನನ್ನ ಮೇಲಿನ ಮನೆಗೆ ಬಾಡಿಗೆಗೆ ಕಳಿಸಿದ್ದು. ‘ಲಿಂಗರಾಜ ಕುರೆಕುಪ್ಪಕ್ಕ ಲಾರಿ ತೂಕ ಮಾಡಾಕ ಹೋದ್ರ ಗಂಗೋತ್ರಿ ಒಬ್ಬಾಕೇನ ಇರ್ತಾಳ. ನಿನ್ನ ಮಗಳು ಅಂತ ತಿಳಕೊಂಡು ನೋಡ್ಕೊಳವ್ವ’ ಅಂದಿದ್ದೆ. ನಾನು ದೊಡ್ಡದಾಗಿ ‘ಅದನ್ನ ನೀ ಹೇಳ್ಬೇಕೇನ’ ಎಂದು ನಿನಗೇ ಗದರಿದ್ದೆ.

ಅದಿರಿನ ಲಾರಿಗಳು ಹೆಚ್ಚಾದ ಮೇಲೆ ನಮ್ಮೂರಿನಲ್ಲಿ ಬಾಡಿಗೆ ಮನೆಗೆ ಜನ ಸಾಲುಗಟ್ಟಿದರು. ಓಣಿಯವರೆಲ್ಲ ಮೇಲೊಂದು ಅಂತಸ್ತು ಎಬ್ಬಿಸಿದರು, ನಾವೂ ಎಬ್ಬಿಸಿದೆವು. ರಸ್ತೆಯ ಕಡೆಗೆ ಬಾಲ್ಕನಿ ಬಿಟ್ಟೆವು. ಸಂಡೂರಿನ ಲಾರಿಗಳ ಕೆಂಪು ಧೂಳು ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಮತ್ತೆ ಹಾಜರು. ಅದಕ್ಕೇ ದಿನಾ ಎರಡು ಕೊಡ ನೀರು ಸುರಿದು ಬಾಲ್ಕನಿ ತೊಳೆಯಬೇಕೆಂದು ಬಾಡಿಗೆಯವರಿಗೆಲ್ಲ ನನ್ನ ಕಟ್ಟಪ್ಪಣೆ. ಆದರೆ ನೀರು ಹರಿದುಹೋಗಲು ಇಳಿಜಾರು ಸರಿಯಿರಲಿಲ್ಲ, ರೇಲಿಂಗಿನ ಕಂಬಗಳ ಬುಡದಲ್ಲೇ ನಿಲ್ಲುತ್ತಿತ್ತು. ಕಬ್ಬಿಣ ತುಕ್ಕು ಹಿಡಿಯಿತು. ನಾನು ವರ್ಷಕ್ಕೊಮ್ಮೆ ಅದರ ಮೇಲೆ ಕೆಂಪು ಬಣ್ಣ ಹೊಡೆಸುತ್ತಿದ್ದೆ. ಧೂಳೂ ಕಾಣುವುದಿಲ್ಲ, ತುಕ್ಕೂ ಕಾಣುವುದಿಲ್ಲ! ಎಂಥಾ ಜಾಣೆ ನಾನು ಅಂದುಕೊಂಡಿದ್ದೆ.

ಯುಗಾದಿಯ ಮುಂಚೆ ವೆಲ್ಡಿಂಗಿನ ಮೂಕಣ್ಣ ಕೆಳಗಿನ ಗೇಟು ಸರಿಮಾಡಲು ಬಂದಿದ್ದ. ನಾನು ಕೇಳದಿದ್ದರೂ ಮೇಲೆ ಹೋಗಿ ಸುತ್ತಿಗೆಯಿಂದ ಕಂಬಗಳನ್ನು ಬಡಿದು ನೋಡಿ ಇಳಿದುಬಂದ.

‘ಅಮ್ಮಾರೇ, ಬುಡ ಪೂರಾ ತಿಂದು ಹೋಗೈತ್ರಿ. ಬಣ್ಣ ಒಂದು ನಿಂತೈತಿ, ಕಬ್ಬಿಣ ಇಲ್ಲ. ಕಂಬ ಕಿತ್ತು ಹೊಸಾವು ಕುಂದ್ರಸ್ರಿ. ಜಲ್ದಿ ಮಾಡಸ್ರಿ, ಮಂದಿ ಇರೋ ಮನಿ’ ಅಂದ.

‘ನಿಮಗ ಕೆಲಸ ಬೇಕಂದ್ರ ಊರಾಗಿನ ಕಬ್ಬಿಣ ಎಲ್ಲಾ ಹುಳುಕಾಗೇ ಕಾಣ್ತದ. ಹೋಗಲೇ, ಹೋಗಿ ಬಣ್ಣದ ಡಬ್ಬಿ ತಗೊಂಬಾ’ ಅಂದೆ. ಆತ ಪಾಪ, ಬಣ್ಣ ಹೊಡೆದು ಹೋದ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದು ರೇಲಿಂಗಿಗಷ್ಟೇ ಅಲ್ಲ, ನನಗೂ ಒಪ್ಪುವ ಮಾತು.

ಶ್ರಾವಣದಲ್ಲಿ ನಿನ್ನ ಮಗಳೂ ಹೇಳಿದ್ದಳು, ‘ದೊಡ್ಡಮ್ಮ, ರೇಲಿಂಗ್ ಭಾಳ ಅಲುಗಾಡ್ತದ್ರಿ’ ಎಂದು. ‘ಹಬ್ಬ ಆಗ್ಲಿ, ಮಾಡಸ್ತೀನಿ’ ಅಂದೆ. ಯಾವ ಹಬ್ಬ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಹಾನವಮಿ ಅಮಾವಾಸ್ಯೆಗೆ ಎರಡು ದಿನವಿತ್ತು. ಓಣಿಯ ತುಂಬ ಹಾಸಿಗೆ ಹೊದಿಕೆ ಒಗೆಯುವ ಗದ್ದಲ. ಒದ್ದೆ ಕೌದಿ ಎಷ್ಟು ಭಾರ ಎಂದು ನಿನಗೆ ಹೇಳಬೇಕಿಲ್ಲ. ಗಂಗೋತ್ರಿ ರೇಲಿಂಗಿನ ಮೇಲೆ ನಾಲ್ಕು ಕೌದಿ ಹರವಿದ್ದಳು. ಐದನೆಯದನ್ನು ಮಡಿಕೆ ಬಿಡಿಸಿ ಆಚೆ ಎಳೆಯಲು ಬಗ್ಗಿದಳು, ಅಷ್ಟೇ. ಕಂಬಗಳು ಬುಡದಿಂದಲೇ ಕಿತ್ತು ಬಂದವು. ಕೌದಿ, ಕಬ್ಬಿಣ, ಹುಡುಗಿ, ಎಲ್ಲ ಒಟ್ಟಿಗೇ ಕೆಳಗೆ. ನಾನು ಅಂಗಳದಲ್ಲೇ ಇದ್ದೆ, ದ್ಯಾಮಿ. ಅವಳು ಚೀರಲೂ ಇಲ್ಲ. ಚೀರಿದವಳು ನಾನು.

ಮಾರನೆಯ ದಿನ ನನ್ನ ಮಗ ಈಶ್ವರ ವಕೀಲರಾದ ಮರುಳಸಿದ್ದಪ್ಪನವರ ಹತ್ತಿರ ಕರೆದುಕೊಂಡು ಹೋದ. ಮನೆ ನನ್ನ ಹೆಸರಿನಲ್ಲಿದೆ, ಬಂದರೆ ಕೇಸು ನನ್ನ ಮೇಲೇ. ‘ರೇಲಿಂಗ್ ಕೆಟ್ಟೈತಂತ ಗೊತ್ತಿತ್ತೇನ್ರಿ?’ ಎಂದು ವಕೀಲರು ಕೇಳಿದರು. ‘ಗೊತ್ತಿದ್ರ ಏನಾಗ್ತದ್ರಿ?’ ಅಂದೆ.

‘ಗೊತ್ತಿದ್ದೂ ಬಿಟ್ಟಿದ್ರ ಪೂರಾ ಹೊಣಿ ನಿಮ್ಮದಾಗ್ತದ್ರಿ ಅಮ್ಮಾ. ಪರಿಹಾರನೂ ಕೊಡ್ಬೇಕು, ಕೋರ್ಟಿಗೂ ತಿರುಗಬೇಕು. ಅದರ ಮ್ಯಾಲೆ ಭಾರ ಹಾಕಬ್ಯಾಡ್ರಿ ಅಂತ ನೀವು ಹೇಳಿದ್ದೂ ಅವರು ಹಾಕಿದ್ರ, ಆ ಮಾತೇ ಬ್ಯಾರೆ.’

ಈಶ್ವರ ನನ್ನ ಮುಖ ನೋಡಿದ. ‘ಅವ್ವ ಹೇಳಿದ್ಲು ಸರ್. ಹೌದಲ್ಲವ್ವ?’ ಅಂದ. ನಾನು ‘ಹೂಂ’ ಅಂದೆ. ಒಂದು ಹೂಂ, ದ್ಯಾಮಿ. ಠಾಣೆಯಲ್ಲಿ ಅದನ್ನೇ ಒಂದು ಪುಟ ಬರೆದುಕೊಂಡರು, ನಾನು ಸಹಿ ಹಾಕಿದೆ. ಲಿಂಗರಾಜನ ವಕೀಲರ ನೋಟಿಸಿಗೆ ನಾವು ಕೊಟ್ಟ ಉತ್ತರದಲ್ಲೂ ಅದೇ ಇದೆ: ಮನೆಯ ಮಾಲೀಕರು ಎಚ್ಚರಿಸಿದ್ದರೂ ಬಾಡಿಗೆಯವರು ಮಾತು ಮೀರಿ ತಮ್ಮ ಒದ್ದೆ ಕೌದಿಗಳನ್ನು ಹೇರಿದ್ದರಿಂದ ಅನಾಹುತವಾಯಿತು ಎಂದು.

ಕಾಗದದ ಮೇಲಿನ ಸುಳ್ಳು ಕಾಗದದ ಮೇಲೇ ಇರುತ್ತದೆ ಎಂದು ತಿಳಿದಿದ್ದೆ. ನಿನ್ನ ಎರಡನೆಯ ಕಾಗದ ಬಂತು. ಸೊಂಟ ಮುರಿದು ನಿನ್ನ ಮನೆಯಲ್ಲಿ ಮಲಗಿದವಳಿಗೆ ಲಿಂಗರಾಜ ಬಂದಾಗಲೆಲ್ಲ ‘ಬ್ಯಾಡ ಅಂದ್ರೂ ಯಾಕ ಹಾಕಿದಿ? ನಿನ್ನ ಕೈಯಾರೆ ಮಾಡ್ಕೊಂಡಿ’ ಎಂದು ಬೈಯುತ್ತಾನಂತೆ. ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಾಳಂತೆ. ‘ನನ್ನ ಮಗಳು ಹೇಳಿದ ಮಾತು ಕೇಳದಾಕೇನ ಕೊಟ್ರೀ? ನೀನಾರ ಹೇಳು’ ಎಂದು ಬರೆದಿದ್ದೀಯ.

ಹೇಳುತ್ತೇನೆ. ನಿನ್ನ ಮಗಳು ಮಾತು ಮೀರಿಲ್ಲ. ನಾನು ಎಚ್ಚರಿಸಲೇ ಇಲ್ಲ. ಎಚ್ಚರಿಸಿದವರು ಮೂಕಣ್ಣ ಮತ್ತು ಅವಳು, ಕೇಳದವಳು ನಾನು. ಈ ಕಾಗದವನ್ನು ಲಿಂಗರಾಜನ ವಕೀಲರಿಗೆ ಕೊಡು. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದ್ದೇನೆ. ಈಶ್ವರ ‘ಅವ್ವಾ, ನಿನಗ ಹುಚ್ಚು ಹಿಡದೈತಿ, ಮನಿ ಹೋಗ್ತದ’ ಎಂದು ಎರಡು ದಿನದಿಂದ ನನ್ನ ಕೈಯ ಊಟ ಮಾಡಿಲ್ಲ. ಹೋದರೆ ಹೋಗಲಿ, ಮಾಡಿದ್ದುಣ್ಣೋ ಮಾರಾಯ. ಕೋರ್ಟಿಗೆ ಕರೆದರೆ ಬಂದು ಇದನ್ನೇ ಹೇಳುತ್ತೇನೆ.

ರೇಲಿಂಗ್ ಪೂರಾ ಕಿತ್ತು ಹಾಕಿಸಿ ಎದೆಯುದ್ದ ಇಟ್ಟಿಗೆ ಗೋಡೆ ಕಟ್ಟಿಸಿದ್ದೇನೆ, ನೀರಿಗೆ ಕೊಳವೆ ಇಡಿಸಿದ್ದೇನೆ. ಓಣಿಯವರೆಲ್ಲ ಈಗ ಮೂಕಣ್ಣನನ್ನು ಕರೆದು ತಮ್ಮ ತಮ್ಮ ಕಂಬ ಬಡಿಸುತ್ತಿದ್ದಾರೆ. ಐದು ಮನೆಯಲ್ಲಿ ಟೊಳ್ಳು ಸಿಕ್ಕಿತಂತೆ. ಈ ಬುದ್ಧಿ ಯುಗಾದಿಗೇ ಬಂದಿದ್ದರೆ ನಿನ್ನ ಮಗಳು ಇವತ್ತು ನಡೆದಾಡುತ್ತಿದ್ದಳು.

ಗಂಗೋತ್ರಿ ಎದ್ದು ನಿಲ್ಲಲಿ, ಅವಳ ಮಡಿಲು ತುಂಬಲಿ. ನನ್ನ ಹರಕೆ ಯಾವ ದೇವರಿಗೆ ಮುಟ್ಟುತ್ತದೋ ಗೊತ್ತಿಲ್ಲ, ಆದರೂ ಹರಸುತ್ತೇನೆ. ನೀನು ಉತ್ತರ ಬರೆಯದಿದ್ದರೂ ನಡೆದೀತು.

ನಿನ್ನ ಗೆಳತಿ ಎನ್ನಲು ಅಂಜುವ
ಕೊಟ್ರಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇಷ್ಟೆಲ್ಲ ಬರೆದೂ ಒಂದನ್ನು ಮುಚ್ಚಿಟ್ಟಿದ್ದೆ. ಆ ಐದೂ ಕೌದಿ ನನ್ನವು, ದ್ಯಾಮಿ. ಕೆಳಗೆ ನಮಗೆ ಬಿಸಿಲು ಬೀಳುವುದಿಲ್ಲ, ಮೆಟ್ಟಿಲು ಹತ್ತಲು ನನ್ನ ಮೊಣಕಾಲು ಕೇಳುವುದಿಲ್ಲ. ನಾನೇ ಅವಳನ್ನು ಕರೆದು ಬುಟ್ಟಿ ಹೊರಿಸಿ ‘ಮ್ಯಾಲೆ ಹರವು’ ಅಂದೆ. ‘ರೇಲಿಂಗ್ ಅಲುಗಾಡ್ತದಲ್ರಿ ದೊಡ್ಡಮ್ಮ’ ಅಂದಳು. ‘ಎರಡು ತಾಸಿಗೆ ಏನಾಗ್ತದ, ಹರವು ಹೋಗು’ ಅಂದೆ. ಕೌದಿ ಯಾರವು ಎಂದು ಠಾಣೆಯಲ್ಲಿ ಗಂಡಸರು ಯಾರೂ ಕೇಳಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೋಗಿದ್ದೆ. ಗಂಗೋತ್ರಿ ಕಣ್ಣು ಬಿಟ್ಟು, ‘ದೊಡ್ಡಮ್ಮ, ನಿಮ್ಮ ಕೌದಿಗೆ ಮಣ್ಣಾತೇನ್ರಿ?’ ಎಂದು ಕೇಳಿದಳು. ಪಕ್ಕದಲ್ಲೇ ಲಿಂಗರಾಜ ನಿಂತಿದ್ದ. ನಾನು ‘ಯಾವ ಕೌದಿನವ್ವ? ನಮ್ಮವಲ್ಲ’ ಅಂದೆ. ಅವನು ‘ಮಂಪರಿನ್ಯಾಗ ಏನರ ಮಾತಾಡ್ತಾಳ್ರಿ’ ಅಂದ. ಅವಳು ನನ್ನನ್ನೇ ನೋಡಿದಳು, ಆಮೇಲೆ ಸುಮ್ಮನಾದಳು. ಗಂಡನ ಬೈಗುಳ ತಿಂದುಕೊಂಡು ಇವತ್ತಿನವರೆಗೂ ಸುಮ್ಮನೇ ಇದ್ದಾಳೆ. ಲಿಂಗರಾಜನನ್ನು ಅವಳ ಮಂಚದ ಹತ್ತಿರ ಕೂಡಿಸಿ, ಅವಳಿಗೂ ಕೇಳುವ ಹಾಗೆ ಇದನ್ನು ಗಟ್ಟಿಯಾಗಿ ಓದು: ಕೌದಿ ನನ್ನವು, ಹರವು ಅಂದವಳು ನಾನು.