ಸಮುದ್ರಕ್ಕೆ ಇನ್ನೊಂದು ಟಿಕೆಟ್ಟು

ಮಾರೇನಹಳ್ಳಿ
ಸೋಮವಾರ, ೧೪ ಏಪ್ರಿಲ್ ೧೯೮೬

ಪ್ರೀತಿಯ ಜಗದಾ,

ನನ್ನ ಕಾಗದಕ್ಕೆ ನಿನ್ನ ಉತ್ತರ ಶನಿವಾರ ಬಂತು. ಮೊದಲ ಸಾಲಿನಲ್ಲೇ ಬೈದಿದ್ದೀಯ: "ನಾನು ಸಮುದ್ರಕ್ಕೆ ಬರ್ತೀನಿ ಅಂತ ಯಾವಾಗ ಹೇಳಿದೆನೇ? ಆ ಭಾನುವಾರ ನಾನು ಮನೇಲೇ ಇರಲಿಲ್ಲ, ರವಿಕೆ ಅಳತೆ ಕೊಡಕ್ಕೆ ಟೈಲರ್ ಹತ್ರ ಹೋಗಿದ್ದೆ." ಅದನ್ನು ಓದಿ ಒಲೆಯ ಮುಂದೆ ಹಾಗೇ ಕೂತುಬಿಟ್ಟೆ. ಅನ್ನ ತಳ ಹಿಡಿಯಿತು, ಅಮ್ಮನೂ ಬೈದಳು.

ಆ ದಿನ ಏನಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ಬೇರೆ ಥರ ಬರೆಯಲು ಬರುವುದಿಲ್ಲ ಎಂದು ನಿನಗೆ ಗೊತ್ತು.

ನಾನು ಕುಂಕುಮದ ಬಟ್ಟಲು ಹಿಡಿದು ಕೆಂಗೇರಿಗೆ ಬಂದೆ. ನಿನ್ನ ಮದುವೆಗೆ ಮುಂಚೆ ನಾವು ಮೂವರು ಮಂಗಳೂರಿಗೆ ಹೋಗಿ ಶನಿವಾರ ಭಾನುವಾರ ಇದ್ದು ಬರಬೇಕು ಎಂಬುದು ನಮ್ಮ ಯೋಚನೆ. ಮೂವರೆಂದರೆ ನೀನು, ನಾನು, ಗಾರ್ಮೆಂಟ್ಸಿನಲ್ಲಿ ನನ್ನ ಜೊತೆ ದಾರ ಕತ್ತರಿಸುವ ಅಣ್ಣಮ್ಮ. ಅವಳ ಚಿಕ್ಕಮ್ಮನ ಮನೆ ಅಲ್ಲೇ ಇದೆ, ಇಳಿಯಲು ತೊಂದರೆಯಿಲ್ಲ. ಉಳ್ಳಾಲದ ಕಡಲಿನಲ್ಲಿ ಬಟ್ಟೆ ಸಮೇತ ನೆನೆಯುವುದು, ಗೋಳಿಬಜೆ ತಿನ್ನುವುದು, ಹಂಪನಕಟ್ಟೆಯಲ್ಲಿ ಐಸ್ ಕ್ರೀಮು. "ಆಮೇಲೆ ಅವಳ ಗಂಡ ಬಿಡಲ್ಲ, ಅತ್ತೆ ಬಿಡಲ್ಲ, ಮಗು ಬಿಡಲ್ಲ. ಈಗಲೇ ಎಳ್ಕೊಂಡು ಹೋಗೋಣ ಕಣೇ" ಎಂದಿದ್ದಳು ಅಣ್ಣಮ್ಮ. ಕುಂಕುಮ ಕೊಟ್ಟು ಶಾಸ್ತ್ರದ ಹಾಗೆ ಕರೆದರೆ ನಿಮ್ಮಮ್ಮ ಬೇಡ ಎನ್ನಲಾರರು ಎಂಬ ಉಪಾಯವೂ ಅವಳದೇ.

ನಿಮ್ಮ ನಡುಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಲ್ಲಿ ನಿಮ್ಮಮ್ಮ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಗೋಡೆಯ ಗೂಡಿನಲ್ಲಿ ಹೊಸ ಲಂಗ, ರವಿಕೆ ಮಡಿಸಿಟ್ಟಿದ್ದರು. ನಿಮ್ಮಕ್ಕ ಮುನಿಲಕ್ಷ್ಮಿಯ ಎಡೆಗೆ ತಂದದ್ದು. ನಿಮ್ಮ ಮನೆಯ ಪದ್ಧತಿ ನನಗೂ ಗೊತ್ತಲ್ಲ: ಮದುವೆಯಾಗದೆ ತೀರಿಹೋದ ಮಗಳನ್ನು ಮೊದಲು ಕರೆದು, ಎಡೆಯಿಟ್ಟು, ಹೊಸ ಬಟ್ಟೆ ಕೊಟ್ಟು, ಅವಳು ಒಪ್ಪಿದ ಮೇಲೆಯೇ ತಂಗಿಗೆ ಹಸೆ ಹಾಕುವುದು. ಆ ಪುಟ್ಟ ಲಂಗ ನೋಡಿದೆ. ನೀಲಿ ಬಣ್ಣ. ಆರನೇ ಕ್ಲಾಸಿನಲ್ಲಿ ಮುನಿ ನನ್ನ ನೀಲಿ ಪೆನ್ಸಿಲನ್ನು ನಕ್ಷೆಯ ಸಮುದ್ರಕ್ಕೆ ಬಳಿದು ಬಳಿದು ಮುಗಿಸುತ್ತಿದ್ದಳು. ಬಾಯಿಗೆ ಬಂತು, ಅಂದುಬಿಟ್ಟೆ: "ಮುನಿ, ನೀನೂ ಬರ್ತೀಯೇನೇ ಸಮುದ್ರಕ್ಕೆ?"

ಒಳಗಿನ ಕೋಣೆಯಿಂದ, "ಹ್ಞೂಂ, ಬರ್ತೀನಿ ಕಣೇ" ಎಂಬ ದನಿ ಬಂತು.

ನಿನ್ನ ದನಿ, ಜಗದಾ. ಬಾಗಿಲ ಮರೆಯಲ್ಲಿ ನಿಂತು ತಮಾಷೆ ಮಾಡುತ್ತಿದ್ದೀಯ ಎಂದುಕೊಂಡೆ. ನಕ್ಕು, "ಹಾಗಾದ್ರೆ ಮಾತು ತಪ್ಪಬೇಡ" ಎಂದು ಹೊಸಿಲ ಮೇಲೆ ಕುಂಕುಮ ಇಟ್ಟು, ಏಳು ಗಂಟೆಯ ಬಸ್ಸು ತಪ್ಪೀತೆಂದು ಓಡಿಬಂದೆ.

ನಿನ್ನ ಕಾಗದದ ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಕೆಟ್ಟದ್ದು. ಅಕ್ಕನಿಗಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಮತ್ತೆ ಇಟ್ಟರೂ ಮುಟ್ಟಲಿಲ್ಲ. ಎಡೆಯಿಟ್ಟು ಸತ್ತವರನ್ನು ಕರೆಯುವ ಲಿಂಗಮ್ಮಜ್ಜಿ ಮಾಡಿನ ಕಡೆ ನೋಡುತ್ತಾ, "ಕರೀತಾನೇ ಇವ್ನಿ, ಓಗೊಡ್ತಿಲ್ಲ. ಮನೇಲಿಲ್ಲ ಕಣವ್ವ ಅವ್ಳು. ಯಾರೋ ಕರ್ಕೊಂಡು ಹೋಗವ್ರೆ. ಕರೆದೋರೇ ತಂದು ಬಿಡ್ಬೇಕು" ಎಂದರಂತೆ. ಅಕ್ಕ ಒಪ್ಪದೆ ಹಸೆ ಹಾಕಿದರೆ ಅವಳೇ ಮೊದಲು ಬಂದು ಹಸೆಯ ಮೇಲೆ ಕೂರುತ್ತಾಳೆಂದು ಹೆದರಿ, ಚಪ್ಪರದ ಗಳುಗಳನ್ನು ನಿಮ್ಮಪ್ಪ ಇಳಿಸಿಟ್ಟಿದ್ದಾರೆ. ನಾಯಂಡಹಳ್ಳಿಯ ಗಂಡಿನ ಕಡೆಯವರು ಇನ್ನೆರಡು ವಾರ ಕಾಯುತ್ತೇವೆ, ಆಮೇಲೆ ನಮ್ಮ ದಾರಿ ನಮಗೆ ಎಂದಿದ್ದಾರೆ. "ಅವರನ್ನ ಬಿಟ್ಟರೆ ನಂಗೆ ಬೇರೆ ಯಾರೂ ಬೇಡ ಕಣೇ" ಎಂದು ಬರೆದ ಸಾಲಿನ ಮೇಲೆ ಶಾಯಿ ಕಲೆಸಿಹೋಗಿದೆ.

ಅಳಬೇಡ. ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತು.

ನಿಮ್ಮ ಮನೆಯಿಂದ ಬಂದ ಮಾರನೆಯ ದಿನದಿಂದಲೇ ಕೆಲಸಕ್ಕೆ ಹೋಗುವ ವಿಜಯನಗರದ ಬಸ್ಸಿನಲ್ಲಿ ನನ್ನ ಎಡಗಡೆಯ ಸೀಟು ಖಾಲಿ. ಜನ ಕಂಬಿ ಹಿಡಿದು ಜೋತಾಡುತ್ತಿರುತ್ತಾರೆ. ಕೂರಲು ಬಗ್ಗಿದವರು, "ಓ, ಯಾರೋ ಇದಾರೆ" ಎಂದು ನೆಟ್ಟಗಾಗುತ್ತಾರೆ. ಒಬ್ಬ ಹೆಂಗಸಂತೂ, "ಸ್ವಲ್ಪ ಸರ್ಕೊಳಮ್ಮ" ಎಂದು ಆ ಖಾಲಿ ಜಾಗಕ್ಕೇ ಹೇಳಿದಳು. ನನ್ನ ಮೈಯ ಎಡಭಾಗ ಬಿಸಿಲಿನಲ್ಲೂ ತಣ್ಣಗಿರುತ್ತದೆ, ಒದ್ದೆ ಗೋಡೆಗೆ ಒರಗಿದ ಹಾಗೆ.

ಮೆಜೆಸ್ಟಿಕ್ಕಿಗೆ ಟಿಕೆಟ್ ಕಾದಿರಿಸಲು ಒಬ್ಬಳೇ ಹೋಗಿದ್ದೆ. ಮೈಸೂರು, ಮಡಿಕೇರಿ ಮೇಲೆ ಹೋಗುವ ಶುಕ್ರವಾರದ ಬಸ್ಸಿಗೆ ಮೂರು ಎಂದೆ. ಕಿಂಡಿಯೊಳಗಿನ ಗುಮಾಸ್ತ ತಲೆಯೆತ್ತದೆ, "ಕಟ್ಟೆ ಮೇಲೆ ಕೈ ಇಟ್ಕೊಂಡು ನಿಂತಿದಾಳಲ್ಲ, ಆ ಹುಡುಗಿಗೆ ಬೇಡ್ವಾ?" ಎಂದ. ತಿರುಗಿ ನೋಡಿದೆ. ಹಿಂದೆ ಎಲೆ ಅಡಿಕೆ ಜಗಿಯುವ ಮುದುಕನೊಬ್ಬ, ಅವನೂ ಮಾರು ದೂರದಲ್ಲಿ. "ಬೇಗ ಹೇಳಮ್ಮ. ಹನ್ನೆರಡು ತುಂಬಿದ್ಯಾ ಅವಳಿಗೆ? ಅರ್ಧ ಕೊಡ್ಲೋ, ಫುಲ್ ಕೊಡ್ಲೋ?" ನಾನು ಏನು ಹೇಳಿದೆ ಎಂದು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ನೀನು ಕಾಗದವನ್ನು ಇಲ್ಲೇ ಮಡಿಸಿಬಿಡುತ್ತೀಯ. ಒಟ್ಟಿನಲ್ಲಿ ನನ್ನ ಕೈಯಲ್ಲಿ ನಾಲ್ಕು ಟಿಕೆಟ್ಟು ಇದ್ದವು.

ಅದಾದ ಮೇಲೆ ಅಣ್ಣಮ್ಮನೂ ನಾನೂ ಬಳೆಗೆ ಹೋದೆವು, ಸಮುದ್ರಕ್ಕೆ ಹೋಗುವ ಮೂವರಿಗೂ ಒಂದೇ ಥರದ ಹಸಿರು ಬಳೆ ಇರಲೆಂದು. ಬಳೆ ಅಂಗಡಿ ಅಂಜಿನಯ್ಯನವರ ಕಣ್ಣಿಗೆ ಪೊರೆ ಬಂದಿದೆ, ಎಲ್ಲ ಕೈಯ ಅಂದಾಜಿನಲ್ಲೇ. ನನಗೆ ತೊಡಿಸಿದರು, ಅಣ್ಣಮ್ಮನಿಗೆ ತೊಡಿಸಿದರು. ಆಮೇಲೆ ನನ್ನ ಎಡಗಡೆಗೆ ಕೈ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಒತ್ತತೊಡಗಿದರು. "ಎಷ್ಟು ತಣ್ಣಗಿದೆ ತಾಯಿ ಕೈ! ಸಡಿಲ ಬಿಡವ್ವ, ನೋಯಿಸಲ್ಲ" ಎಂದರು. ಒಂದು ಬಳೆ ಏರಿಸಿದರು. ಅದು ಗಾಳಿಯಲ್ಲಿ ನಿಂತಿತು ಜಗದಾ. ರೆಪ್ಪೆ ಬಡಿಯುವಷ್ಟು ಹೊತ್ತು ನಿಂತಿತು, ಆಮೇಲೆ ಕೆಳಗೆ ಬಿದ್ದು ಚೂರಾಯಿತು. ಅಂಜಿನಯ್ಯನವರು ತಮ್ಮ ಅಂಗೈಯನ್ನೇ ನೋಡಿಕೊಂಡು, "ಇನ್ನೊಬ್ರು ಇರಲಿಲ್ವಾ?" ಎಂದರು. ಅಣ್ಣಮ್ಮ ಚಪ್ಪಲಿ ಬಿಟ್ಟೇ ಓಡಿದಳು. "ನಿನ್ನ ಸಮುದ್ರನೂ ಬೇಡ, ನಿನ್ನ ಸಹವಾಸನೂ ಬೇಡ" ಎಂದು ಹೇಳಿಕಳಿಸಿದ್ದಾಳೆ. ಚಿಕ್ಕಮ್ಮನ ವಿಳಾಸ ಮಾತ್ರ ಕೊಟ್ಟಿದ್ದಾಳೆ, ಪಾಪ.

ಹಾಗಾಗಿ ನೀನೂ ಬರಬೇಡ. ಕರೆದವಳು ನಾನು, ಕರೆದುಕೊಂಡು ಹೋಗುವವಳೂ ನಾನೇ. ನಿನ್ನ ಟಿಕೆಟ್ಟನ್ನೂ ಅಣ್ಣಮ್ಮನದನ್ನೂ ಹಿಂದಿರುಗಿಸುತ್ತೇನೆ. ಶುಕ್ರವಾರ ಸಂಜೆ ನಮ್ಮ ಬಸ್ಸು ಕೆಂಗೇರಿಯ ಮೇಲೆಯೇ ಹೋಗುತ್ತದೆ. ಆ ಹೊತ್ತಿಗೆ ಹೊಸಿಲು ದಾಟಬೇಡ, ರಸ್ತೆಗೆ ಬಂದು ಕೈ ಬೀಸಬೇಡ. ಎರಡು ದಿನ ಅವಳಿಗೆ ಕಡಲು ತೋರಿಸಿ, ಭಾನುವಾರ ಸಂಜೆ ಅದರ ಮುಂದೆ ನಿಂತು ಹೇಳುತ್ತೇನೆ, "ಆಯ್ತು ಮುನಿ, ನೋಡಿದ್ಯಲ್ಲ, ಇನ್ನು ಮನೆಗೆ ಹೋಗು, ಜಗದಾ ಕಾಯ್ತಾ ಇದಾಳೆ" ಎಂದು. ಸೋಮವಾರ ನಾನೇ ಕೆಂಗೇರಿಗೆ ಬಂದು ನಿಮ್ಮ ಹೊಸಿಲವರೆಗೆ ಬಿಡುತ್ತೇನೆ. ಆಗ ಎಡೆಯಿಡಿ.

ಭಯವಿಲ್ಲವೇ ಎಂದು ಕೇಳುತ್ತೀಯ. ಇದೆ. ಆದರೆ ನಾನು ಶಾಲೆ ಬಿಟ್ಟದ್ದೇಕೆ ಎಂದು ನಿನಗೆ ಯಾರೂ ಹೇಳಿರಲಾರರು. ಲೆಕ್ಕ ಬರದೆ ಬಿಟ್ಟಳು ಎನ್ನುತ್ತಾರೆ. ಲೆಕ್ಕ ಬರುತ್ತಿರಲಿಲ್ಲ, ಅದೂ ನಿಜ. ಕಾಮಾಲೆಯಲ್ಲಿ ಮುನಿ ಹೋದ ಮೇಲೆ ಬೆಂಚಿನಲ್ಲಿ ನನ್ನ ಎಡಗಡೆಗೆ ಬೇರೊಬ್ಬಳನ್ನು ಕೂರಿಸಿದರು. "ಅಲ್ಲಿ ಮುನಿ ಕೂತಿದಾಳೆ ಸಾರ್" ಎಂದೆ. ಮೇಷ್ಟರು ಸುಳ್ಳಿ ಎಂದು ಹೊಡೆದರು. ಮಾರನೆಯ ದಿನದಿಂದ ನಾನು ಹೋಗಲಿಲ್ಲ. ಅಲ್ಲಿಂದೀಚೆಗೆ ಯಾವ ಕೆಲಸದಲ್ಲೂ ಹೆಚ್ಚು ದಿನ ನಿಂತಿಲ್ಲ. ಎಲ್ಲಿ ಕೂತರೂ ಎಡಗಡೆ ಬರಿದು ಅನ್ನಿಸುತ್ತಿತ್ತು. ಈ ವಾರ ಹಾಗೆ ಅನ್ನಿಸಿಲ್ಲ.

ನಿಮ್ಮಮ್ಮನಿಗೂ ಲಿಂಗಮ್ಮಜ್ಜಿಗೂ ಈ ಕಾಗದ ಓದಿ ಹೇಳು. ಒಂದು ಮಾತನ್ನೂ ಬಿಡಬೇಡ.

ನಿನ್ನ ಹಸೆಗೆ ಅಕ್ಷತೆ ಹಾಕಲು ಬಂದೇ ಬರುವ,
ಸತ್ಯವತಿ

ತಾ.ಕ.: ಗುಮಾಸ್ತನಿಗೆ ನಾನು ಹೇಳಿದ್ದು, "ಹನ್ನೆರಡು ತುಂಬಿದೆ ಸಾರ್, ಫುಲ್ಲೇ ಕೊಡಿ" ಎಂದು. ಬಾಯಿಗೆ ಬಂದದ್ದು, ಆದರೆ ಅದು ಸುಳ್ಳಾಗಲಿಲ್ಲ. ಅವಳು ಹೋದದ್ದು ಹನ್ನೊಂದಕ್ಕೆ, ಆದರೂ ನಿಮ್ಮ ಕೋಣೆಯಿಂದ ಬಂದದ್ದು ಮಗುವಿನ ದನಿಯಲ್ಲ, ಅದಕ್ಕೇ ನಿನ್ನದೆಂದುಕೊಂಡೆ. ಅಂಜಿನಯ್ಯನವರು ಆ ಕೈಗೆ ಆರಿಸಿದ್ದೂ ನನ್ನದೇ ಅಳತೆಯ ಬಳೆ. ಅವಳೂ ನಮ್ಮ ಜೊತೆಗೇ ಬೆಳೆದಿದ್ದಾಳೆ ಜಗದಾ, ನಮಗೆ ತಿಳಿದಿರಲಿಲ್ಲ ಅಷ್ಟೆ. ನೀವು ಇನ್ನೂ ಮಗುವಿನ ಲಂಗ ಇಟ್ಟು ಕರೆಯುತ್ತಿದ್ದೀರಿ, ಹೇಗೆ ಓಗೊಟ್ಟಾಳು? ಸೋಮವಾರ ಎಡೆಯಲ್ಲಿ ಸೀರೆ ಇಡಿ. ನೀಲಿಯದು.