ಅವರ ದಿಕ್ಕು

ಮಧುಗಿರಿ
೧೦-೧೨-೧೯೭೯

ನಮ್ಮ ರಂಗಿಯ ಅಪ್ಪನವರಿಗೆ ಹನುಮಕ್ಕನ ನಮಸ್ಕಾರಗಳು.

ಕಾಲಿನ ಪಟ್ಟಿ ಬಿಚ್ಚಿದರೇ? ರಾತ್ರಿ ನಿದ್ದೆ ಬರುತ್ತಿದೆಯೇ? ತುಮಕೂರಿನ ಆಸ್ಪತ್ರೆಯ ಊಟ ನಿಮ್ಮ ನಾಲಿಗೆಗೆ ಹತ್ತುವುದಿಲ್ಲವೆಂದು ಗೊತ್ತು. ನಾಡಿದ್ದು ಬರುವಾಗ ಹುಚ್ಚೆಳ್ಳು ಪುಡಿ ತರುತ್ತೇನೆ, ಪಕ್ಕದ ಮಂಚದವರಿಗೂ ಕೊಟ್ಟು ತಿನ್ನಿ. ಇಲ್ಲಿ ನಾವೆಲ್ಲ ಕ್ಷೇಮ.

ನೀವು ಬೆಟ್ಟ ಹತ್ತಿಸುತ್ತೇನೆಂದು ಮಾತು ಕೊಟ್ಟಿದ್ದ ಕಾಲೇಜು ಹುಡುಗಿಯರು ನಿನ್ನೆ ಬೆಳಗಿನ ಬಸ್ಸಿಗೆ ಬಂದಿಳಿದರು, ಜೊತೆಗೆ ಜಯರಾಮಯ್ಯ ಮೇಷ್ಟ್ರು. ನೀವು ಬಿದ್ದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ರೇಣುಕಯ್ಯನಿಗೆ ಮಾತ್ರ ಮುಟ್ಟಿತ್ತು. ನಿಮ್ಮ ಬದಲು ತಾನೇ ಬೆಟ್ಟ ಹತ್ತಿಸುತ್ತೇನೆಂದು ಪೇಟ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದ. ಈ ಗುಂಪು ಅವನ ಹಿಂದೆ ಹೋದರೆ ಮುಂದಿನ ಗುಂಪುಗಳೂ ಅವನ ಹಿಂದೆಯೇ. ನೀವು ಕಾಲು ನೆಟ್ಟಗಾಗಿ ಬಂದೂ ಜಗುಲಿ ಕಾಯಬೇಕಾಗುತ್ತಿತ್ತು. ನಾನೇ ಹತ್ತಿಸುತ್ತೇನೆ ಅಂದೆ. ‘ಬುಡಮ್ಮೋ, ಸೀರೆ ಉಟ್ಕೊಂಡು ಆ ಬಂಡೆ ಹತ್ತೋಕಾಯ್ತದಾ?’ ಅಂದ. ‘ಆಡು ಮೇಯಿಸ್ವಾಗ ಲಂಗದಲ್ಲೇ ಹತ್ತಿದ್ದೆ ಕಣಯ್ಯ. ನೀನು ಪೇಟ ಬೀಳ್ದಂಗೆ ನೋಡ್ಕೊ’ ಅಂದೆ. ಹುಡುಗಿಯರು ನಕ್ಕರು, ನಕ್ಕವರು ನನ್ನ ಹಿಂದೆಯೇ ಬಂದರು.

ನನ್ನ ಕಷ್ಟ ನಿಮಗೆ ಗೊತ್ತಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅತ್ತೆ ಕಲಿಸಿದ್ದರು, ನಿಮ್ಮ ಹೆಸರಿನಲ್ಲೋ ಒಂದು ದಿಕ್ಕೇ ಕೂತಿದೆ. ಊರಿನ ಹೆಸರಲ್ಲೂ ನೀವು ಅರ್ಧ ಇದ್ದೀರಿ, ಅದೊಂದಕ್ಕೆ ಅತ್ತೆ ಮಾಫಿ ಕೊಟ್ಟಿದ್ದರು, ದಿಕ್ಕಿಗೆ ಕೊಡಲಿಲ್ಲ. ಹೊತ್ತು ಹುಟ್ಟುವ ಕಡೆಗೆ ನಾನು ‘ಅವರ ಕಡೆ’ ಅನ್ನುವುದು ಮನೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಈ ಹುಡುಗಿಯರಿಗೆ ಹೇಗೆ ತಿಳಿಯಬೇಕು?

ಮೆಟ್ಟಿಲು ಕೊರೆದ ಬಂಡೆ ದಾಟಿ ಬೋಳು ಇಳಿಜಾರಿಗೆ ಬಂದಿದ್ದೆವು. ಮೇಷ್ಟ್ರು ಸಿರಾ ಕಡೆ ನೋಡುತ್ತೇನೆಂದು ಪಡುವಲ ಅಂಚಿನ ಹತ್ತಿರ ಹೋಗಿದ್ದರು. ಅಷ್ಟರಲ್ಲಿ ಮಂಜು ಬಂದು ಕವುಚಿಕೊಂಡಿತು. ಹೊತ್ತೊಂದು ಸವೆದ ತಟ್ಟೆಯ ಹಾಗೆ ಮಸುಕಾಗಿ ಕಾಣುತ್ತಿತ್ತು, ಪಕ್ಕದವರು ಕಾಣುತ್ತಿರಲಿಲ್ಲ. ಎಡ ಬಲ ಅನ್ನೋಣವೆಂದರೆ ಒಬ್ಬೊಬ್ಬಳ ಮುಖ ಒಂದೊಂದು ಕಡೆ. ಅಭ್ಯಾಸಬಲದಿಂದ ‘ಅವರ ಕಡೆ ಬನ್ರಮ್ಮಾ’ ಎಂದು ಕೂಗಿಬಿಟ್ಟೆ. ಅವರ ಎಂದರೆ ಮೇಷ್ಟ್ರು ಎಂದುಕೊಂಡರು, ಪಾಪ. ಮೇಷ್ಟ್ರ ಕೆಮ್ಮು ಕೇಳಿದ ಕಡೆಗೇ ಚಪ್ಪಲಿ ಸದ್ದು ಹೊರಟಿತು, ಅಂಚಿನ ಕಡೆಗೆ.

ಅತ್ತೆಯನ್ನೂ ನೆನೆಯಲಿಲ್ಲ, ನಿಮ್ಮನ್ನೂ ನೆನೆಯಲಿಲ್ಲ. ಬೆಟ್ಟವೆಲ್ಲ ಕೇಳುವ ಹಾಗೆ ಕೂಗಿದೆ: ‘ಅತ್ಲಾಗೆ ಬ್ಯಾಡ! ಮೂಡಲಕ್ಕೆ ಬನ್ನಿ, ಮೂಡಲಕ್ಕೆ!’

ಸದ್ದು ನಿಂತಿತು. ಆಮೇಲೆ ಒಬ್ಬೊಬ್ಬಳಾಗಿ ಆ ಮಸುಕು ಹೊತ್ತಿನ ಕಡೆಗೆ ತಿರುಗಿ, ನನ್ನ ಸೆರಗಿಗೇ ಬಂದು ಸೇರಿದರು. ಕೊನೆಗೆ ಮೇಷ್ಟ್ರೂ ಅಂಬೆಗಾಲಿನಲ್ಲಿ ಬಂದರು. ಅದನ್ನು ಯಾರಿಗೂ ಹೇಳಬೇಡವೆಂದಿದ್ದಾರೆ, ನೀವೂ ಹೇಳಬೇಡಿ. ಮಂಜು ಸರಿದ ಮೇಲೆ ಎಲ್ಲರನ್ನೂ ನೆತ್ತಿಗೆ ಹತ್ತಿಸಿದೆ. ನಾನು ಯಾಕೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆಂದು ಕೇಳಿದರು, ಹೇಳಿದೆ. ಆಗ ಆ ತುಂಟಿಯರು ಗಾಳಿಗೆ ಬಾಯಿ ಕೊಟ್ಟು ‘ಮೂಡಲಗಿರಿಯಪ್ಪನ ಹೆಂಡ್ತಿಗೆ ಜೈ’ ಎಂದು ಕೂಗಿದರು. ಒಬ್ಬಳಿಗೂ ತರಚು ಗಾಯವಿಲ್ಲದೆ ಇಳಿಸಿ ತಂದೆ. ರೇಣುಕಯ್ಯ ಪೇಟ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಟೀ ಕುಡಿಯುತ್ತಿದ್ದ.

ಡಾಕ್ಟರ ಮಾತು ಕೇಳಿ, ಅವಸರಪಟ್ಟು ಕಾಲೂರಬೇಡಿ. ರಂಗಿ ನಿಮ್ಮ ಕಾಲಿಗೆ ಬಿದ್ದಿದ್ದಾಳೆ, ನೋಯದ ಕಾಲಿಗೆ.

ಇಂತಿ ನಿಮ್ಮ
ಹನುಮಕ್ಕ

ಮರೆತಿದ್ದೆ: ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಗುಂಪು ಬರುತ್ತದಂತೆ. ಯಾರ ಹೆಸರಿಗೆ ಕಾಗದ ಹಾಕಬೇಕೆಂದು ಮೇಷ್ಟ್ರು ಕೇಳಿದರು. ನಿಮ್ಮದು ಹೇಗೂ ನಾನು ಹೇಳುವಂತಿಲ್ಲವಲ್ಲ, ನನ್ನದೇ ಹೇಳಿದೆ. ನೀವೂ ಬನ್ನಿ, ಹಿಂದೆ ಉಳಿದವರನ್ನು ನೋಡಿಕೊಳ್ಳಲು ಒಬ್ಬರು ಬೇಕು.